ಸೋಫಾದ ಅಂಚಿನಲ್ಲಿ ಕೂರುವವರ ಸರೌಂಡ್

ಕೋಣೆ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ದಾವಣಗೆರೆಯ ಹೊಸ ಬಡಾವಣೆಗಳಲ್ಲಿ 30–40 ಸೈಟಿನಲ್ಲಿ ಮನೆ ಕಟ್ಟಿಸಿದ ಎಷ್ಟೋ ಜನರಿಗೆ ಮಹಡಿ ಮೇಲೆ ಇಂಥದ್ದೊಂದು ಕೋಣೆ ಇರುತ್ತದೆ. ಮಕ್ಕಳು ದೊಡ್ಡವರಾದ ಮೇಲೆ ಬೇಕಾಗುತ್ತೆ ಅಂತ ಕಟ್ಟಿಸಿರುತ್ತಾರೆ. ಅಲ್ಲಿಯ ತನಕ ಹಳೇ ಗಾದಿ, ಜೋಳದ ಡ್ರಮ್ಮು, ಕೆಟ್ಟ ಕೂಲರ್ ಅದರಲ್ಲಿ ಸಂಸಾರ ಮಾಡಿಕೊಂಡಿರುತ್ತವೆ. ನಮ್ಮ ಕೋಣೆಯ ಸಾಮಾನನ್ನೆಲ್ಲ ಮೆಟ್ಟಿಲ ಕೆಳಗೆ ತುರುಕಿ, ಅದನ್ನೊಂದು ಸಿನಿಮಾ ಕೋಣೆ ಮಾಡಿಕೊಂಡೆವು.

ಪ್ರೊಜೆಕ್ಟರ್, 100 ಇಂಚಿನ ಪರದೆ, ಮುಂದಿನ ಮೂರು ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್. ಇವುಗಳ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಒಂದು ಗೋಡೆಯನ್ನು ಪೂರ್ತಿ ಅವಕ್ಕೇ ಬಿಟ್ಟುಕೊಟ್ಟಿದ್ದೆವು, ಕೂತವು. ತಲೆ ತಿಂದದ್ದು ಸರೌಂಡ್ ಸ್ಪೀಕರ್ ಜೋಡಿ, ಅಂದರೆ ಪಕ್ಕದಿಂದ, ಹಿಂದಿನಿಂದ ಸದ್ದು ಕೊಡುವವು. ಅವಕ್ಕೆ ಸ್ವಂತ ಗೋಡೆ ಅಂತ ಇಲ್ಲ. ಕಿಟಕಿ, ಬಾಗಿಲು, ಸೋಫಾ, ಓಡಾಡೋ ದಾರಿ, ಅವ್ವನ ದಿಂಬು, ಎಲ್ಲದರ ಜೊತೆಗೂ ಜಾಗಕ್ಕೆ ಗುದ್ದಾಡಬೇಕು.

ಮೊದಲ ಪ್ರಶ್ನೆ ಎಷ್ಟು ಸ್ಪೀಕರ್ ಅನ್ನೋದು. 5.1 ಅಂದರೆ ಮುಂದೆ ಮೂರು, ಪಕ್ಕಕ್ಕೆ ಎರಡು, ಜೊತೆಗೊಂದು ಸಬ್‌ವೂಫರ್. 7.1 ಆದರೆ ಬೆನ್ನ ಹಿಂದೆ ಇನ್ನೆರಡು. 7.1.4ರ ಹಾಗೆ ಕೊನೆಗೆ ಇನ್ನೊಂದು ಅಂಕಿ ಸೇರಿದರೆ, ತಲೆ ಮೇಲೆ ಅಷ್ಟು ಸ್ಪೀಕರ್. ಈ ಕೊನೆಯದು ಡಾಲ್ಬಿ ಅಟ್ಮಾಸ್ ಲೆಕ್ಕ. ಅದು ಚಿತ್ರಮಂದಿರಕ್ಕೆ ಬಂದದ್ದು 2012ರಲ್ಲಿ, ಮನೆಗಳಿಗೆ 2014ರಲ್ಲಿ. ನಮ್ಮ ಭಾವ ವಿದ್ಯಾನಗರದ ಮನೆಯಲ್ಲಿ 7.1.4 ಹಾಕಿಸಿದ್ದಾರೆ. "ಮಾಡೋದು ಮಾಡ್ತೀಯ, ಒಂದೇ ಸಲಕ್ಕೆ ಪೂರ್ತಿ ಮಾಡಿ ಬಿಡು" ಅಂದರು. ಅಂಗಡಿಯ ಹುಡುಗನೂ ಅದನ್ನೇ ಇನ್ನೊಂದು ರಾಗದಲ್ಲಿ ಹೇಳಿದ: "ಈಗ ಯಾರೂ ಐದು ತಗಳಲ್ಲ ಸರ್."

ನಾನು ತಗೊಂಡದ್ದು ಐದೇ. ಪರದೆಯಿಂದ ನಮ್ಮ ತಲೆಗೆ 10 ಅಡಿ. ತಲೆಯಿಂದ ಹಿಂದಿನ ಗೋಡೆಗೆ 4 ಅಡಿ. ಆ ಗೋಡೆಯಲ್ಲೇ ಕೋಣೆಯ ಬಾಗಿಲು, ಒಳಕ್ಕೆ ತೆರೆಯುತ್ತದೆ. ಡಾಲ್ಬಿಯವರು 7.1ಕ್ಕೆ ಹೇಳುವ ಲೆಕ್ಕದಲ್ಲಿ ಪಕ್ಕದ ಸ್ಪೀಕರ್‌ಗಳು 90ರಿಂದ 110 ಡಿಗ್ರಿ, ಹಿಂದಿನವು 135ರಿಂದ 150 ಡಿಗ್ರಿಯಲ್ಲಿ ಇರಬೇಕು. ನೇರ ಮುಂದೆ ನೋಡಿದರೆ ಸೊನ್ನೆ, ಕಿವಿಯ ನೇರಕ್ಕೆ 90, ಹಿಂತಲೆಗೆ 180. ಆ ಹಿಂದಿನ ಜೋಡಿಯಲ್ಲಿ ಒಂದು ಬಾಗಿಲ ರೆಕ್ಕೆ ಬಡಿಯುವ ಜಾಗಕ್ಕೇ ಬರುತ್ತಿತ್ತು. ಇಟ್ಟರೂ, ಅದಕ್ಕೂ ಪಕ್ಕದ ಸ್ಪೀಕರ್‌ಗೂ ನಡುವೆ ಒಂದು ಮಾರು ಅಂತರ ಇರುತ್ತಿರಲಿಲ್ಲ. ಅಷ್ಟು ಹತ್ತಿರದಲ್ಲಿ ಎರಡು ಬೇರೆ ಬೇರೆ ದಿಕ್ಕು ಅಂತ ಕಿವಿಗೆ ಎಷ್ಟು ತಾನೇ ಗೊತ್ತಾಗಬೇಕು? ಇರೋ ದುಡ್ಡಲ್ಲಿ ಏಳು ಸಾಧಾರಣ ಸ್ಪೀಕರ್ ತರುವುದಕ್ಕಿಂತ ಐದು ಒಳ್ಳೆಯವು ಬಂದರೆ ಸಾಕು ಅನ್ನಿಸಿತು.

ಇನ್ನು ಜಾಗದ ಮಾತು. ಯಾವ ಸ್ಪೀಕರ್ ಪೆಟ್ಟಿಗೆ ಬಿಚ್ಚಿದರೂ ಒಳಗೆ ಒಂದು ಚಿತ್ರ ಇರುತ್ತದೆ. ಕೋಣೆಯ ನಟ್ಟನಡುವೆ ಒಂದು ಕುರ್ಚಿ, ಅದರ ಸುತ್ತ ವೃತ್ತ, ವೃತ್ತದ ಮೇಲೆ ಸ್ಪೀಕರ್‌ಗಳು. ಆ ಕುರ್ಚಿಯಲ್ಲಿ ಯಾವಾಗಲೂ ಒಬ್ಬನೇ ಇರುತ್ತಾನೆ. ಅವನಿಗೆ ಹೆಂಡತಿ ಮಕ್ಕಳು ಇದ್ದಂತೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಸೋಫಾ 7 ಅಡಿಯದು. ನಡುವೆ ನನ್ನಾಕೆ, ಎಡಕ್ಕೆ ನಾನು, ಬಲ ಅಂಚಿನಲ್ಲಿ ಕಿಟಕಿ ಪಕ್ಕ ಅವ್ವ. ಮಗಳು ಕೆಳಗೆ ಜಮಖಾನದ ಮೇಲೆ. ನಡುವಿನ ಸೀಟಿಗೆ ಎಲ್ಲಿಟ್ಟರೂ ಹೆಚ್ಚು ಕಡಿಮೆ ಸರಿಯಾಗಿಯೇ ಕೇಳುತ್ತದೆ, ಎರಡು ಕಡೆಯೂ ಒಂದೇ ದೂರ ಅಲ್ವಾ. ಚಿಕ್ಕ ಕೋಣೆಯಲ್ಲಿ ಸರೌಂಡ್ ಹಾಳಾಗುವುದು ಅಂಚಿನ ಸೀಟಿನಲ್ಲಿ. ಮದುವೆ ಮನೆಯಲ್ಲಿ ವಾಲಗದವರ ಪಕ್ಕದ ಕುರ್ಚಿ ಸಿಕ್ಕವರ ಪಾಡು ಅಲ್ಲಿ ಕೂತವರದು. ಹಾಗಾಗಿ ಅವ್ವನ ಬಲಗಿವಿಯಿಂದಲೇ ಟೇಪು ಹಿಡಿದು ಅಳತೆ ಶುರು ಮಾಡಿದೆ.

ಸ್ಪೀಕರ್‌ಗಳನ್ನು ಕಿವಿಯ ಎತ್ತರಕ್ಕೇ, ಸೀಟಿನ ನೇರಕ್ಕೇ ಗೋಡೆಗೆ ಹಾಕಿದರೆ ಬಲಗಡೆಯದು ಅವ್ವನಿಂದ 2.5 ಅಡಿ, ಎಡಗಡೆಯದು 7.5 ಅಡಿ. ಮೂರು ಪಟ್ಟು ವ್ಯತ್ಯಾಸ. ಬಯಲಲ್ಲಿ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬಲ್ ಇಳಿಯುತ್ತದೆ, ಮೂರು ಪಟ್ಟಾದರೆ ಸುಮಾರು 9.5. ಕೋಣೆಯಲ್ಲಿ ಗೋಡೆಗಳಿಂದ ವಾಪಸ್ ಬರುವ ಶಬ್ದ ಸೇರಿ ಅಷ್ಟು ಇಳಿಯುವುದಿಲ್ಲ, ನಿಜ. ಆದರೂ 10 ಡೆಸಿಬಲ್ ಅಂದರೆ ಕಿವಿಗೆ ಹೆಚ್ಚು ಕಡಿಮೆ ಎರಡು ಪಟ್ಟು ಜೋರು. ಅಂದರೆ ಅವ್ವನಿಗೆ ಎಡಗಡೆಯ ಸ್ಪೀಕರ್ ಇದ್ದೂ ಇಲ್ಲದ ಹಾಗೆ.

ಇದಕ್ಕೆ ಮದ್ದು ಎರಡು: ಮೇಲಕ್ಕೆ ಏರಿಸುವುದು, ಹಿಂದಕ್ಕೆ ಸರಿಸುವುದು. ಎರಡರಲ್ಲೂ ಹತ್ತಿರದ ಸ್ಪೀಕರ್ ತುಸು ದೂರ ಹೋಗುತ್ತದೆ, ದೂರದ್ದು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಕಿವಿಗಿಂತ 2 ಅಡಿ ಮೇಲೆ, ಸೀಟಿಗಿಂತ 1.8 ಅಡಿ ಹಿಂದೆ ಇಟ್ಟು ಲೆಕ್ಕ ಹಾಕಿದೆ. ಹತ್ತಿರದ್ದು 3.7 ಅಡಿ, ದೂರದ್ದು 8 ಅಡಿ ಆಯಿತು. ವ್ಯತ್ಯಾಸ 9.5ರಿಂದ 6.7 ಡೆಸಿಬಲ್‌ಗೆ ಇಳಿಯಿತು. ಹಿಂದಕ್ಕೆ 1.8 ಅಡಿ ಅನ್ನೋದು ಸುಮ್ನೆ ಬಾಯಿಗೆ ಬಂದ ಅಳತೆ ಅಲ್ಲ. ನಡುವಿನ ಸೀಟಿನಿಂದ ಸ್ಪೀಕರ್‌ಗೆ ಅಡ್ಡಕ್ಕೆ 5 ಅಡಿ. 1.8 ಅಡಿ ಹಿಂದೆ ಹೋದರೆ ಸರಿಯಾಗಿ 110 ಡಿಗ್ರಿ ಬರುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್ 775 ಶಿಫಾರಸಿನಲ್ಲಿ ಐದು ಸ್ಪೀಕರ್‌ಗೆ ಹೇಳಿರುವುದು 100ರಿಂದ 120 ಡಿಗ್ರಿ. ಅದರ ನಟ್ಟನಡುವೆ ಬಿತ್ತು. ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕ, ಒಂದು ದಾರ, ಎರಡು ತುಂಡು ಸೆಲೋಟೇಪ್. ಇಷ್ಟರಲ್ಲಿ ಕೋನದ ಕೆಲಸ ಮುಗಿಯಿತು.

ಕಾಗದದ ಲೆಕ್ಕ ಕಾಗದದಲ್ಲೇ ಇರಲಿ ಅಂತ, ಗೋಡೆಗೆ ಡ್ರಿಲ್ ಹಿಡಿಯುವ ಮುಂಚೆ ಏಣಿ ತಂದೆ. ಅಲ್ಯೂಮಿನಿಯಂ ಮಡಚೋ ಏಣಿ. ಮೆಟ್ಟಿಲುಗಳು ಅಡಿಗೊಂದರಂತೆ ಇರುತ್ತವೆ. ಮುಂದಿನ ಸ್ಪೀಕರ್‌ಗಳಲ್ಲೇ ಒಂದನ್ನು ಬಿಚ್ಚಿ ತಂದು, ಅಡಿಗೆ ಹಳೇ ಟವೆಲ್ ಮಡಚಿ ಹಾಕಿ ಮೆಟ್ಟಿಲ ಮೇಲೆ ಕೂರಿಸಿದೆ. ಟವೆಲ್ ಇಲ್ಲದಿದ್ದರೆ ಏಣಿಯೇ ಹಾಡುತ್ತದೆ. ಅವ್ವನನ್ನು ಅವಳ ಸೀಟಿನಲ್ಲಿ ಕೂರಿಸಿ ಮಳೆಯ ಸದ್ದು ಹಾಕಿದೆ. ಮಳೆಯನ್ನೇ ಯಾಕೆ ಅಂದರೆ, ಸರೌಂಡ್ ಸ್ಪೀಕರ್‌ಗೆ ಸಿನಿಮಾದಲ್ಲಿ ಸಿಗುವ ಕೆಲಸ ಬಹುಪಾಲು ಇಂಥದ್ದೇ: ಮಳೆ, ಗಾಳಿ, ಸಂತೆಯ ಗದ್ದಲ, ಜೀರುಂಡೆ, ಹಾಡಿನ ಗುಂಗು. ಅಂಗಡಿಗಳಲ್ಲಿ ತೋರಿಸುವ ಬಾಂಬು, ಹೆಲಿಕಾಪ್ಟರು ಎರಡೂವರೆ ಗಂಟೆಯಲ್ಲಿ ಒಂದೆರಡು ನಿಮಿಷ ಬಂದರೆ ಹೆಚ್ಚು.

ಕಿವಿಯ ಮಟ್ಟದಲ್ಲಿ ಇಟ್ಟಾಗ ಅವ್ವ ಮುಖ ಸಿಂಡರಿಸಿದಳು. "ಕಿವಿಯಾಗೇ ಹುಯ್ತೈತಲ್ಲೋ ಇದು." ಒಂದು ಮೆಟ್ಟಿಲು ಏರಿಸಿದೆ. ಪರವಾಗಿಲ್ಲ ಅನ್ನುವ ಹಾಗೆ ತಲೆ ಆಡಿಸಿದಳು. ಇನ್ನೊಂದು ಮೆಟ್ಟಿಲು ಏರಿಸಿ ಏಣಿಯನ್ನು ಹಿಂದಕ್ಕೆ ಎಳೆದೆ. ಅವ್ವ ಕಿಟಕಿ ಕಡೆ ತಿರುಗಿ, "ಹೊರಗ ಮಳಿ ಬಂತೇನು, ಬಟ್ಟೆ ಒಣಗಾಕೀನಿ" ಅಂದಳು. ನನಗೆ ಬೇಕಿದ್ದ ಸರ್ಟಿಫಿಕೇಟು ಸಿಕ್ಕಿತು. ಇನ್ನೂ ಮೇಲಕ್ಕೆ, ಚಾವಣಿ ಹತ್ತಿರಕ್ಕೆ ಒಯ್ದಾಗ ಮಳೆ ಕೋಣೆಯನ್ನು ಬಿಟ್ಟು ತಾರಸಿಗೆ ಹೋಯಿತು. ಅಲ್ಲಿಗೆ 2 ಅಡಿ ಅಂತ ನಿಕ್ಕಿಯಾಯಿತು. ಸೋಫಾದಲ್ಲಿ ಕೂತರೆ ಕಿವಿ 3 ಅಡಿ 3 ಇಂಚಿಗೆ ಬರುತ್ತದೆ, ಸ್ಪೀಕರ್ 5 ಅಡಿ 3 ಇಂಚಿಗೆ.

ಭಾವನಿಗೆ ಈ ಎತ್ತರ ಹಿಡಿಸಲಿಲ್ಲ. ಅಟ್ಮಾಸ್ ಹಾಕುವುದಾದರೆ ಪಕ್ಕದ ಸ್ಪೀಕರ್ ಕಿವಿಯ ಮಟ್ಟಕ್ಕೆ ಹತ್ತಿರ ಇರಬೇಕು, ಇಲ್ಲದಿದ್ದರೆ ಮೇಲಿನದಕ್ಕೂ ಪಕ್ಕದ್ದಕ್ಕೂ ಅಂತರ ಉಳಿಯುವುದಿಲ್ಲ ಅಂದರು. ಮಾತು ಸರಿಯೇ. ಆದರೆ ನಮ್ಮ ಚಾವಣಿಯ ನಡುವೆ ಫ್ಯಾನ್ ಇದೆ. ದಾವಣಗೆರೆಯ ಏಪ್ರಿಲ್‌ನಲ್ಲಿ, ಮೇಲೆ ಕಾದ ತಾರಸಿ ಇಟ್ಟುಕೊಂಡು, ಫ್ಯಾನ್ ತೆಗೆದು ಸಿನಿಮಾ ನೋಡ್ತೀವಿ ಅನ್ನುವ ಧೈರ್ಯ ನಮಗಿಲ್ಲ. ತಲೆ ಮೇಲಿನ ಸ್ಪೀಕರ್ ಆಸೆ ಅಲ್ಲಿಗೆ ಕೈಬಿಟ್ಟೆ. ಹಾಗಾಗಿ ಪಕ್ಕದ ಸ್ಪೀಕರ್‌ಗಳನ್ನು ಅಂಚಿನ ಸೀಟಿನ ಹಿತಕ್ಕೆ ಏರಿಸುವ ಸ್ವಾತಂತ್ರ್ಯ ಸಿಕ್ಕಿತು.

ಜಾಗ ಗೊತ್ತಾದ ಮೇಲೆ ಸ್ಪೀಕರ್ ಆರಿಸುವುದು ಸುಲಭ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಸ್ಪೀಕರ್ ತಂದು ಆಮೇಲೆ ಗೋಡೆ ಹುಡುಕುತ್ತಾರೆ.

ಸರೌಂಡ್‌ಗೆ ಅಂತಲೇ ಮಾಡಿದ ಒಂದು ಜಾತಿ ಇದೆ, ಡೈಪೋಲ್. ಒಂದೇ ಪೆಟ್ಟಿಗೆಯ ಎರಡು ಮುಖಗಳಿಂದ ಶಬ್ದ ಬರುತ್ತದೆ, ಒಂದು ಪರದೆ ಕಡೆಗೆ, ಇನ್ನೊಂದು ಹಿಂದಿನ ಗೋಡೆ ಕಡೆಗೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಹಾಗಾಗಿ ನೇರ ಪಕ್ಕದಲ್ಲಿ ಕೂತವನ ಹತ್ತಿರ ಎರಡೂ ಒಂದನ್ನೊಂದು ಅಳಿಸಿಕೊಂಡು, ಗೋಡೆಗೆ ಬಡಿದು ಬಂದ ಶಬ್ದವೇ ಜಾಸ್ತಿ ಕೇಳುತ್ತದೆ. ಸ್ಪೀಕರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಹಳೇ ಡಾಲ್ಬಿ ಸ್ಟೀರಿಯೋ ಕಾಲಕ್ಕೆ ಇದು ಒಳ್ಳೇ ಉಪಾಯ. ಆಗ ಸರೌಂಡ್ ಚಾನೆಲ್ ಇದ್ದದ್ದೇ ಒಂದು, ಅದೂ 7 ಕಿಲೋಹರ್ಟ್ಸ್ ತನಕ ಮಾತ್ರ, ಅದಕ್ಕಿಂತ ಚೂಪು ಶಬ್ದ ಅದರಲ್ಲಿ ಇರುತ್ತಿರಲಿಲ್ಲ. 90ರ ದಶಕದಲ್ಲಿ, ಸಿನಿಮಾ ಧ್ವನಿಗೆ ಗುಣಮಟ್ಟದ ಸರ್ಟಿಫಿಕೇಟು ಕೊಡುವ ಟಿಎಚ್‌ಎಕ್ಸ್‌ನವರು ಮನೆಗಳಿಗೆ ಇದನ್ನೇ ಹೇಳುತ್ತಿದ್ದರು. 1992ರಲ್ಲಿ ಡಾಲ್ಬಿ ಡಿಜಿಟಲ್ ಬಂದು ಎಡ ಸರೌಂಡ್, ಬಲ ಸರೌಂಡ್ ಬೇರೆ ಬೇರೆಯಾದವು, ಪೂರ್ತಿ ಶ್ರೇಣಿಯ ಶಬ್ದವೂ ಬಂತು. ಈಗಿನ ಸಿನಿಮಾದಲ್ಲಿ ಎಡ ಹಿಂದಿನಿಂದ ಬಾಗಿಲು ಕಿರ್ ಅಂದರೆ ಅದು ಅಲ್ಲಿಂದಲೇ ಬರಬೇಕು. ಅದೂ ಅಲ್ಲದೆ ಡೈಪೋಲ್ ಕೆಲಸ ಮಾಡಲು ಸೀಟು ಅದರ ನೇರ ಪಕ್ಕದಲ್ಲೇ ಇರಬೇಕು, ಅಂದರೆ 90 ಡಿಗ್ರಿಯಲ್ಲಿ. ನಮ್ಮದು 110. ಕೈಬಿಟ್ಟೆ.

ಚಾವಣಿಯಲ್ಲಿ ಹೂತಿಡುವಂಥವು ಆರ್‌ಸಿಸಿ ತಾರಸಿಗೆ ಆಗೋ ಮಾತಲ್ಲ, ಫಾಲ್ಸ್ ಸೀಲಿಂಗ್ ಬೇಕು. ಉಳಿದದ್ದು ಸಾದಾ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್. ದಪ್ಪ ಶಬ್ದಕ್ಕೆ 4 ಇಂಚಿನ ವೂಫರ್, ಚೂಪು ಶಬ್ದಕ್ಕೆ 1 ಇಂಚಿನ ಬಟ್ಟೆಯ ಡೋಮ್ ಟ್ವೀಟರ್, ಒಂದೊಂದು ಮೂರು ಕೆಜಿ ಚಿಲ್ಲರೆ. ಮೂರು ವಿಷಯ ನೋಡಿ ತಗೊಂಡೆ. ಮುಂದಿನ ಸ್ಪೀಕರ್‌ಗಳ ಸರಣಿಯದ್ದೇ ಆಗಿರಬೇಕು. ಇಲ್ಲದಿದ್ದರೆ ಮುಂದಿನಿಂದ ಹಿಂದಕ್ಕೆ ಓಡುವ ಬೈಕ್ ನಡುದಾರಿಯಲ್ಲಿ ಕಂಪನಿ ಬದಲಾಯಿಸುತ್ತದೆ. ಗಾಳಿ ಬಿಡುವ ತೂತು ಬೆನ್ನಿಗೆ ಇರಬಾರದು, ಗೋಡೆಗೆ ಅಂಟಿಸುವ ಸ್ಪೀಕರ್‌ಗೆ ಅದು ಉಸಿರುಗಟ್ಟುವ ಜಾಗ. ಬ್ರಾಕೆಟ್ ಹಾಕಲು ಬೆನ್ನಲ್ಲಿ ಥ್ರೆಡ್ ಇರುವ ತೂತು ಇರಬೇಕು. ಬರೀ ಮೊಳೆಗೆ ನೇತುಹಾಕುವ ಕೊಂಡಿ ಇದ್ದರೆ ಸ್ಪೀಕರ್ ಗೋಡೆಗೆ ಚಪ್ಪಟೆಯಾಗಿ ಅಂಟುತ್ತದೆ, ಬೇಕಾದತ್ತ ತಿರುಗಿಸಲು ಬರುವುದಿಲ್ಲ.

ವ್ಯಾಟ್ ಬಗ್ಗೆ ಒಂದು ಮಾತು. ಪೆಟ್ಟಿಗೆ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ (ಉಬ್ಬಿಸಿ ಹೇಳುವ ವ್ಯಾಟ್ ಲೆಕ್ಕ) ಅಂತ ಬರೆದದ್ದು ಈಗಲೂ ಕೆಲವು ಕಡೆ ಕಾಣುತ್ತದೆ. ಅದನ್ನು ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ನೋಡಬೇಕಾದದ್ದು ಸೆನ್ಸಿಟಿವಿಟಿ. ನಮ್ಮದು 86 ಡೆಸಿಬಲ್. ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ. ಐದಡಿ ದೂರಕ್ಕೆ ಅದು 82–83 ಆಗುತ್ತದೆ. ವ್ಯಾಟ್ ಎರಡು ಪಟ್ಟು ಮಾಡಿದಾಗಲೆಲ್ಲ 3 ಡೆಸಿಬಲ್ ಏರುತ್ತದೆ, 16 ವ್ಯಾಟ್‌ಗೆ 94ರ ಮೇಲೆ. ಈ ಕೋಣೆಯಲ್ಲಿ ಅಷ್ಟು ಜೋರು ಕೊಟ್ಟರೆ ಪಕ್ಕದ ಮನೆಯವರು ಕಾಂಪೌಂಡ್ ಹತ್ತಿರ ಬಂದು ನಿಲ್ಲುತ್ತಾರೆ. ಚಿಕ್ಕ ಕೋಣೆಗೆ ಚಿಕ್ಕ ಸ್ಪೀಕರ್ ಧಾರಾಳ. ದಪ್ಪ ಸದ್ದು ಹೇಗೂ ಸಬ್‌ವೂಫರ್ ಪಾಲು.

ಎಡಗೋಡೆಯಲ್ಲಿ ತಾಪತ್ರಯ ಇರಲಿಲ್ಲ. ಇಟ್ಟಿಗೆ ಗೋಡೆ, 8 ಎಂಎಂ ಬಿಟ್, ಪ್ಲಾಸ್ಟಿಕ್ ಪ್ಲಗ್, ಸ್ಕ್ರೂ, ಮುಗೀತು. ಬಲಗಡೆ ಸ್ಪೀಕರ್ ಬರಬೇಕಾದ ಜಾಗ ಸರಿಯಾಗಿ ಕಿಟಕಿಯ ಒಳಗೆ ಬಿತ್ತು. ಕಿಟಕಿ 3 ಅಡಿಯಿಂದ 7 ಅಡಿ ತನಕ ಇದೆ, ಸ್ಪೀಕರ್ ಗಾಜಿನ ಮುಂದೆ ಗಾಳಿಯಲ್ಲಿ ನಿಲ್ಲಬೇಕು. ಕಿಟಕಿ ಬಿಟ್ಟು ಹಿಂದಕ್ಕೆ ಹಾಕಿದರೆ ಕೋನ 120 ದಾಟುತ್ತಿತ್ತು. ಲಿಂಟಲ್ ಮೇಲೆ ಹಾಕಿದರೆ ಮಳೆ ಮತ್ತೆ ತಾರಸಿಗೆ.

ವೆಲ್ಡಿಂಗ್ ಶಾಪಿನವರ ಹತ್ತಿರ ಹೋಗಿ 2 ಇಂಚಿನ ಸ್ಕ್ವೇರ್ ಪೈಪಿನ ಒಂದು ಕಂಬ ಮಾಡಿಸಿದೆ. ಕೆಳಗೆ ಒಂದಡಿ ಚೌಕದ ದಪ್ಪ ತಗಡು, ಮೇಲೆ ಬ್ರಾಕೆಟ್‌ಗೆ ತೂತು, ಕಿಟಕಿ ಕಟ್ಟೆಯ ಕೆಳಗೆ ಗೋಡೆಗೆ ಹಿಡಿಯಲು ಒಂದು ಕ್ಲಾಂಪ್. ಮೇಲ್ಬಾಯಿ ಮುಚ್ಚಬೇಡಿ, ಮರಳು ತುಂಬಬೇಕು ಅಂದೆ. "ಮರಳ್ಯಾಕ್ರೀ, ಬೀಳ್ತೈತೇನು? ಕ್ಲಾಂಪ್ ಐತಲ್ರೀ" ಅಂದರು. ಖಾಲಿ ಪೈಪಿಗೆ ಸ್ಪ್ಯಾನರ್‌ನಿಂದ ತಟ್ಟಿ ತೋರಿಸಿದೆ. ಠಣ್ ಅಂತ ಎಳೆದು ಹಾಡಿತು. ಅಲ್ಲೇ ಬಿದ್ದಿದ್ದ ಎಂ-ಸ್ಯಾಂಡ್ ಒಣಗಿದ್ದು ನೋಡಿ ಅರ್ಧ ಪೈಪ್ ತುಂಬಿಸಿ ಮತ್ತೆ ತಟ್ಟಿದೆ. ಟಪ್. ಅವರು ಸ್ಪ್ಯಾನರ್ ಇಸಿದುಕೊಂಡು ಮರಳು ಇರೋ ಕಡೆ ಒಮ್ಮೆ, ಇಲ್ಲದ ಕಡೆ ಒಮ್ಮೆ ತಟ್ಟಿ ನೋಡಿ, "ಓ, ಹಿಂಗೋ" ಅಂದು ಪೂರ್ತಿ ತುಂಬಿಸಿ, ಬೂಚು ಮಾಡಿಕೊಟ್ಟರು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಅವ್ವ ಈಗ ಆ ಕಂಬಕ್ಕೆ ತನ್ನ ಎಲೆ ಅಡಿಕೆ ಚೀಲ ನೇತುಹಾಕಿಕೊಂಡಿದ್ದಾಳೆ. ಚೀಲದ ದಾರ ಸ್ಪೀಕರ್‌ಗೆ ತಾಗದಿದ್ದರೆ ಆಯಿತು.

ಸ್ಪೀಕರ್‌ಗಳ ಮುಖ ಯಾವ ಕಡೆಗೆ ಅನ್ನೋದು ಇನ್ನೊಂದು ವಿಚಾರ. ನಾನು ಪ್ರತಿ ಸ್ಪೀಕರ್‌ನ ಮುಖವನ್ನು ಎದುರುಬದಿಯ ಅಂಚಿನ ಸೀಟಿಗೆ ತಿರುಗಿಸಿದೆ. ಬಲಗಡೆಯದು ನನ್ನತ್ತ, ಎಡಗಡೆಯದು ಅವ್ವನತ್ತ. ಟ್ವೀಟರ್‌ನ ಚೂಪು ಶಬ್ದ ಮುಖದ ನೇರಕ್ಕೆ ಜಾಸ್ತಿ, ಪಕ್ಕಕ್ಕೆ ಸರಿದಂತೆ ಕಡಿಮೆ. ಹತ್ತಿರ ಕೂತವರಿಗೆ ಅದರ ಓರೆ ಸಿಗುತ್ತದೆ, ದೂರ ಕೂತವರಿಗೆ ನೇರ. ದೂರದ ಕೊರತೆ ಸ್ವಲ್ಪ ಹೀಗೆ ತುಂಬುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಕೆಲಸದಿಂದ ಆದ ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ವೈರ್ ವಿಷಯ ಬೇಗ ಮುಗಿಸುತ್ತೇನೆ. ದುಬಾರಿ ವೈರ್ ಬೇಡ, ಕಳಪೆಯೂ ಬೇಡ. ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ ವೈರ್ ಅಗ್ಗಕ್ಕೆ ಸಿಗುತ್ತದೆ. ಬಾಗಿಸಿದರೆ ಬೇಗ ಮುರಿಯುತ್ತದೆ, ರೆಸಿಸ್ಟೆನ್ಸೂ ಜಾಸ್ತಿ. ಚಾಕುವಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಪೂರ್ತಿ ತಾಮ್ರದ 1.5 ಸ್ಕ್ವೇರ್ ಎಂಎಂ ವೈರ್ ತಂದೆ. 10 ಮೀಟರ್ ಓಟಕ್ಕೆ ಹೋಗಿ ಬರುವುದು ಸೇರಿ ಕಾಲು ಓಮ್ ಆಸುಪಾಸು. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕಿಲ್ಲ. ಎಲೆಕ್ಟ್ರಿಷಿಯನ್ ಕರೆಂಟ್ ಪೈಪಿನಲ್ಲೇ ಇದನ್ನೂ ಎಳೆದುಬಿಡ್ತೀನಿ ಅಂದ. ಬೇಡಪ್ಪ ಅಂದೆ. ಕರೆಂಟ್ ವೈರ್ ಜೊತೆ ಒಂದೇ ಪೈಪಿನಲ್ಲಿ ಹೋಗುವುದು ಅಪಾಯ, ಹಮ್ ಅನ್ನುವ ಸದ್ದೂ ಬರಬಹುದು. ಒಂದಡಿ ದೂರ ಬಿಟ್ಟು ಬೇರೆ ಪೈಪ್ ಹಾಕಿಸಿ, ಅಡ್ಡ ಹಾಯುವ ಕಡೆ ನೇರ ಕತ್ತರಿಯಾಗಿ ದಾಟಿಸಿದೆವು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಕಡೆ ಅದಲು ಬದಲಾದರೂ ಸ್ಪೀಕರ್ ಹಾಡುತ್ತದೆ, ಆದರೆ ಸುತ್ತ ಹರಡಬೇಕಾದ ಶಬ್ದ ಬೋಳಾಗುತ್ತದೆ.

ಈಗ ಕಂಬಳಿ ಕಥೆ. ಬಲಗಡೆ ಕಿಟಕಿಗೆ ದಪ್ಪ ಪರದೆ ಬಂತು, ಎಡಗಡೆ ಬೋಳು ಸಿಮೆಂಟ್ ಗೋಡೆ. ಒಂದು ಪಕ್ಕ ಶಬ್ದ ಹೀರುತ್ತದೆ, ಇನ್ನೊಂದು ಪಕ್ಕ ವಾಪಸ್ ಎಸೆಯುತ್ತದೆ. ಹಿಂದಿನ ನಾಲ್ಕಡಿ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಟ್ರರ್ರ್ ಅಂತ ಬಾಲ ಬರುತ್ತಿತ್ತು. ಅಂಗಡಿಗಳಲ್ಲಿ ಫೋಮ್ ಹಾಳೆ ತೋರಿಸಿದರು. ತೆಳುವಾದದ್ದು, ಬೆಲೆ ಮಾತ್ರ ದಪ್ಪ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಕೈಮಗ್ಗದ ಕುರಿ ಉಣ್ಣೆ ಕಂಬಳಿ ಸಿಗುವಾಗ ಅದ್ಯಾಕೆ ಬೇಕು? ಎರಡು ಕರಿ ಕಂಬಳಿ ತರಿಸಿ, ಎರಡು ಮಡಿಕೆ ಮಾಡಿ, ಬಡಗಿಯಿಂದ ರೀಪಿನ ಚೌಕಟ್ಟು ಹೊಡೆಸಿ, ಗೋಡೆಯಿಂದ ಎರಡು ಇಂಚು ಬಿಟ್ಟು ಎಡಗೋಡೆಗೆ ಹಾಕಿದೆ. ಆ ಎರಡು ಇಂಚು ಗಾಳಿಗೆ ಬಹಳ ಬೆಲೆ. ಬಟ್ಟೆ ಗೋಡೆಗೆ ಅಂಟಿಕೊಂಡಿದ್ದರೆ ಬರೀ ಚೂಪು ಶಬ್ದ ಹೀರುತ್ತದೆ. ಅಂತರ ಬಿಟ್ಟರೆ ಇನ್ನೂ ಸ್ವಲ್ಪ ಕೆಳಗಿನ ಸ್ವರಗಳಿಗೂ ತಾಗುತ್ತದೆ. ಹಿಂದಿನ ಗೋಡೆಗೆ ಮೆಟ್ಟಿಲ ಕೆಳಗೆ ತುರುಕಿದ್ದ ಹತ್ತಿ ಗಾದಿಯನ್ನೇ ಹಿಂಜಿಸಿ ನಿಲ್ಲಿಸಿದೆ. ಹತ್ತಿ ಗಿರಣಿಗಳಿಂದ ಹೆಸರಾದ ಊರಲ್ಲಿ ಇದ್ದುಕೊಂಡು ಫೋಮ್ ತರುವುದು ಸರಿ ಕಾಣಲಿಲ್ಲ. ಟ್ರರ್ರ್ ನಿಂತಿತು. ಮಳೆಗಾಲದಲ್ಲಿ ಕೋಣೆಗೆ ಕುರಿ ಹಟ್ಟಿಯ ವಾಸನೆ ಬರುತ್ತದೆ, ಅದಕ್ಕೆ ನುಸಿಗುಳಿಗೆ ಇಟ್ಟಿದ್ದೇನೆ.

ಕಂಬಳಿಯಿಂದ ಆಗದ ಕೆಲಸವೂ ಇದೆ. 14 ಅಡಿ ಉದ್ದದ ಕೋಣೆ 40 ಹರ್ಟ್ಸ್ ಸುತ್ತ ತಾನೇ ಗುಂಯ್‌ಗುಡುತ್ತದೆ, ಅಗಲ 51ರ ಹತ್ತಿರ, ಎತ್ತರ 56ರ ಹತ್ತಿರ. 40 ಹರ್ಟ್ಸ್‌ನ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಅದಕ್ಕೆ ಕಂಬಳಿ ಅಡ್ಡ ಬಂದದ್ದೇ ಗೊತ್ತಾಗುವುದಿಲ್ಲ. ಅದನ್ನು ಸಬ್‌ವೂಫರ್ ಜಾಗ ಬದಲಿಸಿ, ಸೋಫಾ ಹಿಂದು ಮುಂದು ಮಾಡಿ ಪಳಗಿಸಬೇಕು. ಸೋಫಾವನ್ನು ಹಿಂದಿನ ಗೋಡೆಗೆ ಒತ್ತದೆ 4 ಅಡಿ ಮುಂದೆ ಬಿಟ್ಟದ್ದರಲ್ಲಿ ಅರ್ಧ ಕಾರಣ ಅದೇ. ಗೋಡೆಗೆ ಅಂಟಿದ ತಲೆಗೆ ಗುಂಯ್ ಎಲ್ಲರಿಗಿಂತ ಜಾಸ್ತಿ.

ಕೊನೆಗೆ ಹೊಂದಾಣಿಕೆ. ಎಲ್ಲ ಸ್ಪೀಕರ್‌ಗೂ ಶಬ್ದ ಹಂಚುವ ಪೆಟ್ಟಿಗೆಯೇ ರಿಸೀವರ್, ಅದರ ಜೊತೆ ಒಂದು ಮೈಕ್ ಕೊಟ್ಟಿರುತ್ತಾರೆ. ಡೆನಾನ್‌ನಲ್ಲಿ ಈ ವ್ಯವಸ್ಥೆಗೆ ಆಡಿಸಿ ಅಂತ ಹೆಸರು, ಯಮಾಹಾದಲ್ಲಿ ವೈಪಾವೊ. ಮೈಕನ್ನು ಕಿವಿಯ ಎತ್ತರಕ್ಕೆ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇಟ್ಟರೆ, ಪ್ರತಿ ಸ್ಪೀಕರ್‌ನಿಂದ ಊಪ್ ಊಪ್ ಅಂತ ಸದ್ದು ಮಾಡಿಸಿ ದೂರ, ಜೋರು ಎಲ್ಲ ಅಳೆದುಕೊಳ್ಳುತ್ತದೆ. ಫ್ಯಾನ್ ಆರಿಸಬೇಕು, ಕೆಳಗೆ ಕುಕ್ಕರ್ ಇಟ್ಟಿರಬಾರದು. ಮೊದಲ ಅಳತೆ ನಡುವಿನ ಸೀಟಿನಲ್ಲಿ, ಆಮೇಲೆ ಅವ್ವನ ಸೀಟು, ಆಮೇಲೆ ನನ್ನದು. ಮುಗಿದ ಮೇಲೆ ಕೈಯಾರೆ ಒಮ್ಮೆ ನೋಡುವುದು ಒಳ್ಳೇದು. ನಮ್ಮದು ಮುಂದಿನ ಸ್ಪೀಕರ್‌ಗಳನ್ನು ಲಾರ್ಜ್ ಅಂತ ಗುರುತು ಹಾಕಿಕೊಂಡಿತ್ತು, ಸ್ಮಾಲ್ ಮಾಡಿದೆ. ಕ್ರಾಸ್‌ಓವರ್ ಎಲ್ಲಕ್ಕೂ 80 ಹರ್ಟ್ಸ್, ಅಂದರೆ ಅದಕ್ಕಿಂತ ಕೆಳಗಿನ ಶಬ್ದವೆಲ್ಲ ಸಬ್‌ವೂಫರ್‌ಗೆ. ಸಬ್‌ವೂಫರ್ ದೂರ ಟೇಪಿಗಿಂತ ಜಾಸ್ತಿ ತೋರಿಸಿತು. ಅದರೊಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ದೂರ ಅಂತಲೇ ಎಣಿಸಿಕೊಳ್ಳುತ್ತದೆ, ಮುಟ್ಟಬಾರದು. ಬಲ ಸರೌಂಡ್ ಒಂದೇ ಒಂದು ಡೆಸಿಬಲ್ ಇಳಿಸಿದೆ, ಅವ್ವನ ಸಲುವಾಗಿ. ಮಾತು ಕೇಳಲ್ಲ ಅಂತ ಅವಳು ಅಂದಾಗ ನಡುವಿನ ಸ್ಪೀಕರ್ ಒಂದೂವರೆ ಏರಿಸಿದೆ.

ಇಷ್ಟೆಲ್ಲ ಮಾಡಿ ಇಂಟರ್ನೆಟ್ ಸಿನಿಮಾ ತೋರಿಸುವ ಸ್ಟ್ರೀಮಿಂಗ್ ಸ್ಟಿಕ್‌ನಲ್ಲಿ ಸಿನಿಮಾ ಹಾಕುವವರು ರಿಸೀವರ್‌ನ ಡಿಸ್‌ಪ್ಲೇ ಒಮ್ಮೆ ಓದಿ. ಸ್ಟಿಕ್‌ನ ಆಡಿಯೋ ಸೆಟ್ಟಿಂಗ್ ಪಿಸಿಎಂ ಸ್ಟೀರಿಯೋಗೆ ಇದ್ದರೆ ಬರುವುದು ಎರಡೇ ಚಾನೆಲ್. ಸರೌಂಡ್‌ನಿಂದ ಏನೋ ಕೇಳುತ್ತಿರುತ್ತದೆ, ಆದರೆ ಅದು ರಿಸೀವರ್ ತಾನೇ ಊಹಿಸಿ ಹಂಚಿದ್ದು. ಡಿಸ್‌ಪ್ಲೇಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಅಂತ ಬಂದರೆ ಸರಿ. ಅವ್ವ ನೋಡುವ ಕಪ್ಪು ಬಿಳುಪು ಸಿನಿಮಾಗಳಿಗೆ ಇದ್ಯಾವುದೂ ಬೇಕಿಲ್ಲ. ಅವು ಮೋನೋ, ಒಂದೇ ಚಾನೆಲ್‌ನವು. ಡಾಲ್ಬಿ ಸರೌಂಡ್ ಮೋಡ್‌ನಲ್ಲಿ ಎರಡೂ ಕಡೆ ಒಂದೇ ಇರುವ ಶಬ್ದ ನಡುವಿನ ಸ್ಪೀಕರ್‌ಗೇ ಹೋಗುತ್ತದೆ, ಪಕ್ಕದವು ಸುಮ್ಮನಿರುತ್ತವೆ.

ಒಂದು ಭಾನುವಾರ ಭಾವ ಬಂದರು. ಅವರನ್ನು ಬೇಕಂತಲೇ ಅವ್ವನ ಸೀಟಿನಲ್ಲಿ ಕೂರಿಸಿದೆ. ಮಂಡಕ್ಕಿ ಮಿರ್ಚಿ ತಟ್ಟೆ ಖಾಲಿಯಾಗುವ ತನಕ ಯಾವ ಸ್ಪೀಕರ್ ಹಾಕಿದರೂ ಒಂದೇ, ಕುರುಂ ಕುರುಂ ಬಿಟ್ಟು ಬೇರೇನೂ ಕೇಳುವುದಿಲ್ಲ. ಆಮೇಲೆ ಅರ್ಧ ಸಿನಿಮಾ ಏನೂ ಮಾತಾಡದೆ ನೋಡಿ, "ಟೇಪು ತಗೊಂಡು ನಮ್ಮನೆಗೆ ಬಾ" ಅಂದರು.

ಹೋಗಿ ನೋಡಿದರೆ ಅವರ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ, ಹಿಂದಿನ ಎರಡು ಸ್ಪೀಕರ್ ತಲೆಯಿಂದ ಗೇಣುದ್ದ ಮೇಲೆ. ಸೋಫಾವನ್ನು ಮೂರಡಿ ಮುಂದಕ್ಕೆ ಎಳೆದು ಮತ್ತೆ ಮೈಕ್ ಇಟ್ಟು ಅಳೆದೆವು. ಭಾವ ಕೂತು ಕೇಳಿ, "ಹನ್ನೊಂದು ಸ್ಪೀಕರ್ ಇರೋದು ಈಗ ಗೊತ್ತಾಯ್ತು ನೋಡು" ಅಂದರು. ಅಕ್ಕ ಮಾತ್ರ ಒಪ್ಪಲಿಲ್ಲ. ಸೋಫಾ ಮುಂದೆ ಬಂದರೆ ಬೀರು ಬಾಗಿಲು ತೆಗೆಯೋಕೆ ಆಗಲ್ಲವಂತೆ. ಈಗ ಸೋಫಾದ ಕಾಲಿಗೆ ಫೆಲ್ಟ್ ಅಂಟಿಸಿಕೊಂಡು, ಟೈಲ್ಸ್ ಮೇಲೆ ಎರಡು ಗುರುತು ಹಾಕಿಕೊಂಡಿದ್ದಾರೆ: ಹಗಲಿಗೊಂದು, ಸಿನಿಮಾಗೊಂದು.